ನಿಮಗಿದು ಗೊತ್ತೆ? ನೆಲ್ಲಿಯ ನೀರು ಕುಡಿಯುವ ಬಂದಳಿಕೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದ ಬಂಡೀಪುರ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ. ಆಗ ಬೋಳು ಕೊಂಬೆಯ ನಡುವೆ ಹಸಿರು ಪೊದೆ ಕಂಡರೆ ಹೆಚ್ಚಾಗಿ ಅದು ಬಂದಳಿಕೆ. ಎಲೆ ಹಸಿರಾದ್ದರಿಂದ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ನೀರು, ಲವಣಗಳನ್ನು ಮಾತ್ರ ಮರದಿಂದ ಹೀರುತ್ತದೆ. ಹಾಗಾಗಿ ಇದು ಅರೆಪರಾವಲಂಬಿ.

ಇದು ಹರಡುವ ಬಗೆಯೇ ಸೋಜಿಗ. ಹೆಬ್ಬೆರಳಿನಷ್ಟು ಪುಟ್ಟ ಹಕ್ಕಿಯೊಂದು ಹಣ್ಣು ನುಂಗುತ್ತದೆ. ಹಿಕ್ಕೆಯೊಡನೆ ಹೊರಬರುವ ಬೀಜಕ್ಕೆ ಗೋಂದಿನಂಥ ಅಂಟು. ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜಿದರೆ ಬೀಜ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೊಳಕೆಯ ತುದಿ ಚಪ್ಪಟೆಯಾಗಿ ತೊಗಟೆಗೆ ಒತ್ತಿಕೊಂಡು, ಒಳಗಿನ ನೀರಿನ ನಾಳದವರೆಗೂ ಇಳಿಯುತ್ತದೆ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಬಂದಳಿಕೆಯನ್ನು 'ಉಪ್ಪಿಲು' ಎನ್ನುತ್ತಾರೆ. ನೆಲ್ಲಿಕಾಯಿ ಅವರ ಜೀವನಾಧಾರಗಳಲ್ಲೊಂದು. ಉಪ್ಪಿಲು ಹತ್ತಿದ ನೆಲ್ಲಿಮರ ಸೊರಗುತ್ತದೆ. ಹಿಂದೆ ವರ್ಷದ ಆರಂಭದಲ್ಲಿ ಹಾಕುತ್ತಿದ್ದ ತೆಳು 'ತರಗು ಬೆಂಕಿ' ಉಪ್ಪಿಲನ್ನು ಹತೋಟಿಯಲ್ಲಿಡುತ್ತಿತ್ತು, ಬೆಂಕಿ ನಿಂತ ಮೇಲೆ ಅದು ಹೆಚ್ಚಿತು ಎಂಬುದು ಅವರ ಅನುಭವ. ಸಂಶೋಧಕರೂ ಇದನ್ನು ಗಂಭೀರವಾಗಿ ಪರಿಗಣಿಸಿ ಅಧ್ಯಯನ ನಡೆಸಿದ್ದಾರೆ. ಕಾಡನ್ನು ತಲೆಮಾರುಗಳಿಂದ ಕಂಡವರ ಮಾತಿಗೆ ಇಷ್ಟು ಬೆಲೆ ಸಿಗಲೇಬೇಕಿತ್ತು.

ನಮ್ಮ ಹೆಮ್ಮೆಯ ಶ್ರೀಗಂಧವೂ ಅರೆಪರಾವಲಂಬಿಯೇ, ಆದರೆ ನೆಲದಡಿಯಲ್ಲಿ: ಅದರ ಬೇರು ನೆರೆಗಿಡದ ಬೇರಿಗೆ ಅಂಟಿ ಹೀರುತ್ತದೆ. ಅದಕ್ಕೇ ನರ್ಸರಿಯವರು ಗಂಧದ ಸಸಿಯ ಜೊತೆ ತೊಗರಿ ನೆಡುವುದುಂಟು.