ಎಡೆದೊರೆ ನಾಡಿನ ದುಂಡು ಹಡಗು

ಅಮೆರಿಕದ ಮಿಶಿಗನ್ ಸರೋವರದ ತಳದಲ್ಲಿ ‘ರೌಸ್ ಸಿಮನ್ಸ್’ ಎಂಬ ಹಾಯಿಹಡಗು ಮಲಗಿದೆ. 1912ರ ನವೆಂಬರ್‌ನಲ್ಲಿ ಕ್ರಿಸ್‌ಮಸ್ ಮರಗಳನ್ನು ಹೇರಿಕೊಂಡು ಶಿಕಾಗೋಗೆ ಹೊರಟಿದ್ದ ಅದು ಬಿರುಗಾಳಿಗೆ ಸಿಕ್ಕಿ ಮುಳುಗಿತು. 1971ರಲ್ಲಿ ಪತ್ತೆಯಾದಾಗ ಮರಗಳು ಇನ್ನೂ ಅದರ ಒಡಲಲ್ಲೇ ಇದ್ದವು. ಸಿಹಿನೀರಿನ ತಂಪು ಅವನ್ನು ಕಾಪಾಡಿತ್ತು.

ನಮ್ಮ ಎಡೆದೊರೆ ನಾಡಿನ ಹಡಗಿಗೆ ಆ ಭಾಗ್ಯವಿಲ್ಲ. ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆ, ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣೆ. ನಡುವೆ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ದೊರೆತ ಮಸ್ಕಿ. ಈ ಎರಡು ಹೊಳೆಗಳ ಮೇಲೆ ಶತಮಾನಗಳ ಕಾಲ ಜನರನ್ನೂ ಸರಕನ್ನೂ ದಾಟಿಸಿದ್ದು ಹರಿಗೋಲು. ಬಿದಿರು, ತೊಗಲುಗಳ ಈ ಬುಟ್ಟಿ ಮುಳುಗಿದರೆ ಕೊಳೆತು ನೀರಾಗುತ್ತದೆ. ಹುಡುಕಲು ಅವಶೇಷವೇ ಉಳಿಯದು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆನೆಗೊಂದಿಯ ಬಳಿ ಇದನ್ನು ಕಂಡು ಬೆರಗಾದ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಲ್ಲದು, ಆದರೆ ನೇರ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಅದೇ 1520ರಲ್ಲಿ ರಾಯಚೂರು ಕೋಟೆಗಾಗಿ ನಡೆದ ಯುದ್ಧದಲ್ಲಿ ಕೃಷ್ಣದೇವರಾಯನಿಗೆ ಸೋತ ಇಸ್ಮಾಯಿಲ್ ಆದಿಲಶಾಹನ ಸೈನಿಕರಲ್ಲಿ ಅನೇಕರು ಹಿಂದಿರುಗುವಾಗ ಕೃಷ್ಣೆಯ ಪಾಲಾದರು.

ದುಂಡಾಕಾರವೇ ಹರಿಗೋಲಿನ ಗುಣ, ಅದೇ ದೋಷ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ, ಬಂಡೆಗಳ ನಡುವೆಯೂ ತೇಲುತ್ತದೆ. ಆದರೆ ಸೆಳವಿಗೆ ಸಿಕ್ಕರೆ ತಡೆದು ನಿಲ್ಲಿಸಲು ಹುಟ್ಟು ಹಾಕುವವನ ರಟ್ಟೆಯೊಂದೇ ಆಧಾರ. ಕುಳಿತವರು ಗಾಬರಿಯಿಂದ ಒಂದೇ ಬದಿಗೆ ವಾಲಿದರೆ ಮಗುಚಿತೆಂದೇ ಲೆಕ್ಕ. ತೊಗಲಿನ ಜಾಗಕ್ಕೆ ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಅಪಾಯ ಮಾತ್ರ ಹಳೆಯದೇ.

ಇದು ಬರೀ ಇತಿಹಾಸವಲ್ಲ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಆಚೆಯ ನಡುಗಡ್ಡೆಗಳ ಜನರ ದಾರಿ ಕಡಿಯುತ್ತದೆ. 2019ರ ಪ್ರವಾಹದಲ್ಲಿ ಆದದ್ದೂ ಅದೇ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ನಡುಗಡ್ಡೆಯೊಂದರ ಬಳಿ ತುಂಬಿದ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ನಾಲ್ವರು ಕೊಚ್ಚಿಹೋದರು.

ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ವಚನ ಬರೆದ ಅಂಬಿಗರ ಚೌಡಯ್ಯನ ಕಸುಬು ಗೌರವದ್ದು. ಅದು ಪ್ರವಾಸಿಗರ ವಿಹಾರಕ್ಕೆ ಉಳಿದರೆ ಸಂತೋಷ. ಹೊಳೆ ತುಂಬಿದ ದಿನ ರೋಗಿಯೊಬ್ಬ ಅದನ್ನೇ ನಂಬಿ ದಡದಲ್ಲಿ ಕಾಯಬೇಕಾದರೆ, ಅದು ಪರಂಪರೆಯಲ್ಲ. ಎತ್ತರದ ಸೇತುವೆಯೊಂದು ಇಲ್ಲದ ಕೊರತೆ.