ಹಿತ್ತಾಳೆ ತಗಡು ಬೇಕಾ? ಗೇಜ್ ಅಲ್ಲ, ಎಂ.ಎಂ. ಹೇಳ್ರಿ

ನಮ್ಮ ಗಿಲ್ಲೆಸುಗೂರು ಕಡೆ ದೇವರಿಗೆ ಹಿತ್ತಾಳೆ ಕವಚ ಮಾಡಿಸಬೇಕಂದ್ರ ಮೊದಲ ತೊಡಕು ತಗಡಿಂದೇ. ಅಂಗಡಿಗೆ ಫೋನ್ ಹಚ್ಚಿ ಬರೇ ‘22 ಗೇಜ್’ ಅನ್ನಬ್ಯಾಡ್ರಿ. ಬ್ರಿಟಿಷ್ ಲೆಕ್ಕದಾಗ ಅದು 0.71 ಮಿ.ಮೀ., ಅಮೆರಿಕದ ಲೆಕ್ಕದಾಗ 0.64. 0.71ರ ತಗಡು ಚದರಡಿಗೆ ಸುಮಾರು 560 ಗ್ರಾಂ ತೂಗ್ತದ. ಮಾರೋದು ಕೆಜಿ ಲೆಕ್ಕ, ಮ್ಯಾಲ 18% ಜಿಎಸ್‌ಟಿ. ಊರಾಗ ಪಟ್ಟಿ ಎತ್ತಿದ ದುಡ್ಡಿಗೆ ಬಿಲ್ ಬೇಕೇ ಬೇಕು, ಬಿ.ಕಾಂ. ಓದಿದ ನನ್ನ ಹಟ ಇದು.

ಉಬ್ಬು ಕೆಲಸಕ್ಕಾದ್ರ 70 ಪಾಲು ತಾಮ್ರ, 30 ಪಾಲು ಸತು ಇರೋ ‘ಸಾಫ್ಟ್’ ತಗಡೇ ಕೇಳ್ರಿ. ‘ಹಾರ್ಡ್’ ಬಂದ್ರ ಸುತ್ತಿಗೆ ಏಟಿಗೆ ಸೀಳ್ತದ. ಪತ್ತಾರರು ಮೊದಲು ಕಾಸಿ ಮೆತ್ತಗ ಮಾಡಬೇಕಾಗ್ತದ. ರಾಯಚೂರಿನಾಗ ಸಿಗಲಿಲ್ಲಂದ್ರ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಪೂರಾ ಹಾಳೆನೇ ತಗೋ ಅಂದ್ರ ಇಬ್ಬರು ಕೂಡಿ ಕೊಂಡು ಹಂಚಿಕೊಳ್ರಿ.