ಕೋಚ್ ಕೂಗಾಡಿದಾಗ ರೆಫರಿ ಏನು ಮಾಡುತ್ತಾರೆ?

ಮಕ್ಕಳು ಟಿ.ವಿ.ಯಲ್ಲಿ ಫುಟ್ಬಾಲ್ ನೋಡುವಾಗ ನೀವೂ ಒಮ್ಮೆ ಕಣ್ಣು ಹಾಯಿಸಿರಬಹುದು. ಮೈದಾನದ ಅಂಚಿನಲ್ಲಿ ಕೋಚ್ ಕೈ ಬೀಸುತ್ತಾ ಕಿರುಚುತ್ತಿರುತ್ತಾರೆ. ರೆಫರಿ ಮಾತ್ರ ಏನೂ ಕೇಳಿಸದವರಂತೆ ಓಡುತ್ತಿರುತ್ತಾರೆ. ಅವರಿಗೆ ನಿಜವಾಗಿಯೂ ಕೇಳಿಸುವುದಿಲ್ಲವೇ?

ಕೇಳಿಸುತ್ತದೆ. ಆದರೆ ಪ್ರತಿ ಗೊಣಗಾಟಕ್ಕೂ ಉತ್ತರಿಸುತ್ತಾ ಹೋದರೆ ಆಟ ನಡೆಯುವುದು ಹೇಗೆ? ತನ್ನ ತೀರ್ಪು ತಪ್ಪೆಂದು ಸ್ವತಃ ಮನವರಿಕೆಯಾದರೆ ಅಥವಾ ಸಹಾಯಕರು ತಿಳಿಸಿದರೆ, ಆಟ ಮತ್ತೆ ಆರಂಭವಾಗುವ ಮೊದಲು ರೆಫರಿ ಅದನ್ನು ಬದಲಿಸಬಹುದು. ಕೋಚ್ ಕೂಗಿದರೆಂದು ಬದಲಿಸುವಂತಿಲ್ಲ. ಇದು ಕೋಚ್‌ಗೂ ಗೊತ್ತು. ಮತ್ತೇಕೆ ಕೂಗಾಟ? ಮುಂದಿನ ತೀರ್ಪಾದರೂ ತಮ್ಮ ಕಡೆಗೆ ವಾಲಲಿ ಎಂದು! ರೆಫರಿ ಕಾಯಬೇಕಾದದ್ದು ಈ ಒತ್ತಡದಿಂದಲೇ.

ಸಿಟ್ಟಿನ ಮೊದಲ ಬಿಸಿ ತಟ್ಟುವುದು ಎರಡು ಬೆಂಚುಗಳ ನಡುವೆ ನಿಲ್ಲುವ ನಾಲ್ಕನೇ ಅಧಿಕಾರಿಗೆ. 2022ರ ಕತರ್ ವಿಶ್ವಕಪ್‌ನಲ್ಲಿ ಫ್ರಾನ್ಸಿನ ಸ್ಟೆಫಾನಿ ಫ್ರಾಪಾರ್ ಮೊದಲು ಈ ಜಾಗದಲ್ಲೇ ನಿಂತಿದ್ದರು. ಡಿಸೆಂಬರ್ 1ರ ಜರ್ಮನಿ-ಕೋಸ್ಟರಿಕಾ ಪಂದ್ಯದಲ್ಲಿ ಸೀಟಿಯೇ ಅವರ ಕೈಗೆ ಬಂತು. ಪುರುಷರ ವಿಶ್ವಕಪ್ ಪಂದ್ಯದ ಮುಖ್ಯ ರೆಫರಿಯಾದ ಮೊದಲ ಮಹಿಳೆ ಅವರು.

ಸಣ್ಣ ಅಸಮಾಧಾನಕ್ಕೆ ಬರೇ ಎಚ್ಚರಿಕೆ. ಪ್ರತಿಭಟನೆ ಅತಿಯಾದರೆ ಹಳದಿ ಕಾರ್ಡ್. ಜಗಳಕ್ಕೆಂದು ಮೈದಾನದೊಳಗೆ ನುಗ್ಗಿದರೆ ಕೆಂಪು. ಕೋಚ್‌ಗಳಿಗೂ ಕಾರ್ಡ್ ತೋರಿಸುವ ಈ ನಿಯಮ ಬಂದದ್ದು 2019ರ ಜೂನ್‌ನಲ್ಲಿ. ಅದಕ್ಕೆ ಮುಂಚೆ ಬಾಯಿಮಾತಿನಲ್ಲೇ ಹೊರಗೆ ಕಳುಹಿಸಬೇಕಿತ್ತು. ಬೆಂಚಿನಲ್ಲಿ ತಪ್ಪು ಮಾಡಿದವರು ಯಾರೆಂದು ತಿಳಿಯದಿದ್ದರೆ ಶಿಕ್ಷೆ ಅಲ್ಲಿರುವ ಹಿರಿಯ ಕೋಚ್‌ಗೆ. ಮಕ್ಕಳ ಗಲಾಟೆಗೆ ತಾಯಿ ಬೈಗುಳ ತಿನ್ನುವ ಹಾಗೆ!

ಅದೇ ವಿಶ್ವಕಪ್‌ನಲ್ಲಿ ನವೆಂಬರ್ 28ರಂದು ದಕ್ಷಿಣ ಕೊರಿಯಾ ಘಾನಾ ಎದುರು 2-3ರಿಂದ ಹಿಂದಿತ್ತು. ಕೊನೆಯ ಕ್ಷಣದಲ್ಲಿ ಕೊರಿಯಾಕ್ಕೆ ಕಾರ್ನರ್ ಸಿಕ್ಕಿತು. ಆದರೆ ಇಂಗ್ಲೆಂಡಿನ ರೆಫರಿ ಆಂಟನಿ ಟೇಲರ್ ಆಟ ಮುಗಿಯಿತೆಂದು ಸೀಟಿ ಊದಿಬಿಟ್ಟರು. ಕೊರಿಯಾದ ಕೋಚ್ ಪಾವ್ಲೊ ಬೆಂಟೊ ಮೈದಾನಕ್ಕೆ ನುಗ್ಗಿ ಪ್ರತಿಭಟಿಸಿದರು. ಪಂದ್ಯ ಮುಗಿದಿದ್ದರೂ ಕೆಂಪು ಕಾರ್ಡ್ ಹೊರಬಂತು. ಸಮಯ ಮುಗಿದ ಮೇಲೂ ಆಟ ಮುಂದುವರಿಸಬೇಕಾದದ್ದು ಪೆನಾಲ್ಟಿಗೆ ಮಾತ್ರ, ಕಾರ್ನರ್‌ಗಲ್ಲ. ಆದ್ದರಿಂದ ನಿಯಮದ ಪ್ರಕಾರ ರೆಫರಿ ತಪ್ಪಿರಲಿಲ್ಲ. ಆದರೂ ಕೊರಿಯನ್ನರ ಹೊಟ್ಟೆ ಉರಿದದ್ದರಲ್ಲಿ ಅಚ್ಚರಿಯೇನಿಲ್ಲ.

ಡಿಸೆಂಬರ್ 2ರಂದು ಪೋರ್ಚುಗಲ್ ವಿರುದ್ಧದ ನಿರ್ಣಾಯಕ ಪಂದ್ಯವನ್ನು ಬೆಂಟೊ ಗ್ಯಾಲರಿಯಲ್ಲಿ ಕುಳಿತೇ ನೋಡಬೇಕಾಯಿತು. ಅವರ ತಂಡ 2-1ರಿಂದ ಗೆದ್ದು ಮುಂದಿನ ಸುತ್ತಿಗೆ ಹೋಯಿತು.